ಆ ಬೆಳಗಿನ ಮಾತು

ಮೀನುಗಾರರ ನಮ್ಮೂರು ಪೋರ್ಟ್‌ಲೋಗಿಯ ಗ್ರಂಥಾಲಯವನ್ನು ಮುಚ್ಚುತ್ತಾರೆಂದು ಸುದ್ದಿ ಬಂದ ದಿನ ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಮೊದಲು ನೆನಪಾದದ್ದು ನನ್ನ ಮಂಡಿಗಳು. ಆ ಸುರುಳಿ ಮೆಟ್ಟಿಲು ಹತ್ತುವ ಕರ್ಮ ಇನ್ನು ತಪ್ಪಿತಲ್ಲ ಅಂದುಕೊಂಡೆ. ಆಮೇಲೆ ಟೀ ಮಾಡಿಕೊಂಡು ಕುಡಿದೆ. ಛಾವಣಿ ಸೋರುವ ಕಡೆ ಇಟ್ಟಿದ್ದ ಬಕೆಟ್ಟನ್ನು ಖಾಲಿ ಮಾಡಿ ಮತ್ತೆ ಅಲ್ಲೇ ಇಟ್ಟೆ.

ಪುಸ್ತಕಗಳನ್ನು ಯಾರು ಬೇಕಾದರೂ ಒಯ್ಯಬಹುದು. ಆದರೆ ಮಹಡಿಯ ಮೇಲಿನ ಹಸ್ತಪ್ರತಿಗಳು, ಪತ್ರದ ಕಟ್ಟುಗಳು ಅಬರ್ಡೀನ್ ನಗರದ ದಾಖಲೆ ಭಂಡಾರಕ್ಕೆ ಹೋಗಬೇಕೆಂದು ತೀರ್ಮಾನವಾಯಿತು. ಅಲ್ಲಿ ತೇವ ತಾಗದ ಕೋಣೆಗಳಿವೆಯಂತೆ, ಚಳಿಗಾಲ ಬೇಸಿಗೆ ಎರಡರಲ್ಲೂ ಒಂದೇ ಹವೆಯಂತೆ. ನಮ್ಮ ದೋಣಿಯವರ ಕಾಗದಗಳಿಗಾದರೂ ಒಳ್ಳೆಯ ಕಾಲ ಬಂತು. ನಾನು ಇಷ್ಟು ವರ್ಷ ಕೋಟು ಹಾಕಿಕೊಂಡೇ ಕೂತು ಅವನ್ನು ಕಾಯ್ದೆ, ನನಗ್ಯಾರೂ ಬೆಚ್ಚಗಿನ ಕೋಣೆ ಕೊಡಲಿಲ್ಲ.

ಕಟ್ಟು ಕಟ್ಟುವುದು ನನ್ನ ಕೆಲಸ. ಪ್ರತಿ ಕಾಗದಕ್ಕೂ ಒಂದು ಫಾರಂ: ಬರೆದವರು ಯಾರು, ಯಾರಿಗೆ ಬರೆದರು, ಕೊಟ್ಟ ಮನೆಯ ಈಗಿನ ವಾರಸುದಾರರು ಯಾರು, ಅವರ ಸಹಿ. ಬೇರೆ ಊರಿನಲ್ಲಾದರೆ ಇದು ಸುಲಭದ ಕೆಲಸ. ನಮ್ಮೂರಿನಲ್ಲಿ ಎತ್ತ ಕಲ್ಲೆಸೆದರೂ ಅದು ಒಬ್ಬ ಫ್ಲೆಟ್‌ನ ತಲೆಯ ಮೇಲೇ ಬೀಳುತ್ತದೆ. ಅರ್ಧ ಊರಿನ ಮನೆತನದ ಹೆಸರು ಫ್ಲೆಟ್. ಗಂಡು ಹುಟ್ಟಿದರೆ ಅಜ್ಜನ ಹೆಸರು ಇಡಬೇಕು, ಅಜ್ಜಂದಿರೆಲ್ಲ ವಿಲಿಯಂಗಳು. ಹಾಗಾಗಿ ಒಂದೊಂದು ಮನೆಗೂ ಒಂದು ಅಡ್ಡಹೆಸರು: ಬೆಣ್ಣೆ ಫ್ಲೆಟ್, ಕಾಗೆ ಫ್ಲೆಟ್, ಮೇಷ್ಟ್ರು ಫ್ಲೆಟ್. ಇದು ಬರೀ ಗೇಲಿಯಲ್ಲ. ಅಂಗಡಿಯ ಲೆಕ್ಕದಲ್ಲೂ ಗೋರಿಕಲ್ಲಿನ ಮೇಲೂ ಅದೇ ಹೆಸರು. ಅಡ್ಡಹೆಸರು ಬರೆಯದೆ ಹಾಕಿದ ಕಾಗದ ಈ ಊರಿನಲ್ಲಿ ದಿಕ್ಕು ತಪ್ಪಿದ ಹಾಗೆಯೇ.

ನನಗೆ ತೊಂದರೆ ಕೊಟ್ಟದ್ದು ಅಂಥದ್ದೇ ಒಂದು ಕಾಗದ. ನಮ್ಮ ಸಂಗ್ರಹದಲ್ಲಿ ಜನ ಕೇಳಿಕೊಂಡು ಬಂದು ನೋಡುತ್ತಿದ್ದುದು ಇದೊಂದನ್ನೇ. ಗಾಜಿನ ಕೆಳಗಿಟ್ಟಿದ್ದೇವೆ. ಪಕ್ಕದಲ್ಲಿ ಒಂದು ಚೀಟಿ: ‘ಬ್ರೈಟ್ ಹೋಪ್ ದೋಣಿಯ ವಿಲಿಯಂ ಫ್ಲೆಟ್, ಮೇಷ್ಟ್ರು, ಯಾರ್ಮತ್ ಬಂದರಿನಿಂದ ಹೆಂಡತಿಗೆ ಬರೆದ ಕೊನೆಯ ಪತ್ರ.’ ಆ ಚೀಟಿ ಬರೆದವರು ಹಿಂದೆಂದೋ ಬಂದು ಹೋದ ಒಬ್ಬ ಪ್ರೊಫೆಸರು. ಅದನ್ನು ತೆಗೆಸಬೇಕೆಂದು ಎಲ್ಸಿ ಫ್ಲೆಟ್ ಹಟ ಹಿಡಿದು ಕೂತಿದ್ದಳು. ಎಲ್ಸಿ ಕಾಗೆ ಮನೆಯವಳು.

ಬ್ರೈಟ್ ಹೋಪ್ ಮುಳುಗಿ ನೂರು ವರ್ಷ ದಾಟಿದೆ. ಹೆರಿಂಗ್ ಮೀನಿನ ಸುಗ್ಗಿಗೆಂದು ದಕ್ಷಿಣದ ಯಾರ್ಮತ್‌ಗೆ ಹೋದ ದೋಣಿ ಊರಿಗೆ ಮರಳುವಾಗ ಬಿರುಗಾಳಿಗೆ ಸಿಕ್ಕಿತು. ಒಬ್ಬನೂ ಬರಲಿಲ್ಲ. ದೋಣಿಯಲ್ಲಿ ಇಬ್ಬರು ವಿಲಿಯಂ ಫ್ಲೆಟ್‌ಗಳಿದ್ದರು, ಒಬ್ಬ ಮೇಷ್ಟ್ರು, ಇನ್ನೊಬ್ಬ ಕಾಗೆ. ಸಾವಿನ ಸುದ್ದಿ ಬಂದ ಮೇಲೆ ಕಾಗದ ಬಂತು. ವಿಳಾಸ ‘ಶ್ರೀಮತಿ ವಿಲಿಯಂ ಫ್ಲೆಟ್, ಪೋರ್ಟ್‌ಲೋಗಿ’ ಎಂದಷ್ಟೇ. ಟಪಾಲಿನವನು ಊರಿಗೆ ಹೊಸಬ. ಕಾಗದ ಅಂದಮೇಲೆ ಮೇಷ್ಟ್ರ ಮನೆಯದೇ ಇರಬೇಕೆಂದು ಅಲ್ಲಿ ಕೊಟ್ಟು ಹೋದ. ಆ ಮನೆಯ ಹೆಂಗಸು ಅದನ್ನು ಪೆಟಾರಿಯಲ್ಲಿಟ್ಟಳು, ಸಾಯುವವರೆಗೂ ಯಾರಿಗೂ ತೋರಿಸಲಿಲ್ಲ. ಅವಳು ಸತ್ತ ಮೇಲೆ ಮಗನ ಕೈಗೆ ಸಿಕ್ಕಿತು. ಮಗ ನಿಜವಾಗಿಯೂ ಶಾಲೆಯ ಹೆಡ್‌ಮೇಷ್ಟ್ರು. ಅಪ್ಪನ ಕೈಬರಹ ಎಂದು ಹೆಮ್ಮೆಯಿಂದ ಶಾಲೆಯ ಬಹುಮಾನದ ದಿನ ಎಲ್ಲರೆದುರು ಓದಿ, ಗ್ರಂಥಾಲಯಕ್ಕೆ ಕೊಟ್ಟರು.

ಕಾಗದ ದೊಡ್ಡದೇನಲ್ಲ. ನನಗೆ ಬಾಯಿಪಾಠ ಬರುತ್ತದೆ:

‘ನನ್ನವಳೇ, ಇಲ್ಲಿ ಎಲ್ಲರೂ ಮಲಗಿದ್ದಾರೆ. ನಾನೊಬ್ಬನೇ ದೀಪದ ಕೆಳಗೆ ಕೂತು ಬರೆಯುತ್ತಿದ್ದೇನೆ. ಸಾಲು ಸೊಟ್ಟಗಿದ್ದರೆ ದೋಣಿಯನ್ನು ಬಯ್ಯಿ, ನನ್ನನ್ನಲ್ಲ. ಮೀನು ಚೆನ್ನಾಗಿ ಸಿಕ್ಕಿದೆ. ಆ ಬೆಳಗಿನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ಬಾಗಿಲು ಬಡಿದುಕೊಂಡು ಹೋದದ್ದು ನಿಜ. ಆದರೆ ದೋಣಿ ಬಂಡೆಯ ಮೂಲೆ ದಾಟುವ ಹೊತ್ತಿಗೆ ನನಗೆ ನಗು ಬಂದಿತ್ತು. ಯಾರಿಗೂ ಹೇಳಿಲ್ಲ. ಬಾಯಿ ನಿನ್ನದು, ಕಿವಿ ನನ್ನದು, ನಡುವೆ ಸಮುದ್ರಕ್ಕೇನು ಕೆಲಸ? ಮಗುವಿಗೆ ಮುತ್ತು ಕೊಡು. ನಿನ್ನ ವಿಲಿಯಂ.’

ಆ ಬೆಳಗಿನ ಮಾತು ಯಾವುದು ಎಂಬುದೇ ಜಗಳ. ಮೇಷ್ಟ್ರ ಮನೆಯವರ ಪ್ರಕಾರ ಗಂಡ ಹೆಂಡಿರ ನಡುವಿನ ಯಾವುದೋ ಕಿರಿಕಿರಿ. ಎಲ್ಸಿಯ ಪ್ರಕಾರ ಆ ಮಾತು ಆಡಿದವಳು ಅವಳ ಅಜ್ಜಿ, ಕಾಗೆ ವಿಲಿಯಂನ ಹೆಂಡತಿ ನೆಲ್; ಆ ಮಾತು ‘ಹಂದಿ’.

ದೋಣಿಯವರ ಮನೆಯಲ್ಲಿ ಆ ಶಬ್ದ ಎತ್ತಬಾರದು, ಅಪಶಕುನ. ದೋಣಿ ಹೊರಡುವ ಬೆಳಿಗ್ಗೆಯಂತೂ ಬಾಯಿ ತಪ್ಪಿಯೂ ಬರಬಾರದು. ಬಂದರೆ ‘ತಣ್ಣನೆ ಕಬ್ಬಿಣ’ ಎನ್ನುತ್ತಾ ಹತ್ತಿರದ ಕಬ್ಬಿಣ ಮುಟ್ಟಬೇಕು. ಇವತ್ತಿಗೂ ಮುಟ್ಟುತ್ತಾರೆ, ಕಿಸೆಯಲ್ಲಿ ಮೊಬೈಲು ಇಟ್ಟುಕೊಂಡವರೂ. ನಾನು ಒಳನಾಡಿನ ಒಕ್ಕಲು ಮನೆಯ ಮಗಳು. ನಮ್ಮಪ್ಪ ಸಾಕುತ್ತಿದ್ದದ್ದೇ ಹಂದಿ. ಮದುವೆಯಾಗಿ ಬಂದ ಹೊಸತರಲ್ಲಿ ಮಾಂಸದ ಅಂಗಡಿಯಲ್ಲಿ ನಿಂತು ಆ ಶಬ್ದವನ್ನು ಗಟ್ಟಿಯಾಗಿ ಹೇಳಿಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಕ್ಕಡಿಯ ಕಡೆ ಕೈ ಚಾಚಿದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆ ನಗುವನ್ನು ನನ್ನತ್ತೆ ಸಾಯುವವರೆಗೂ ಮರೆಯಲಿಲ್ಲ.

ನೆಲ್‌ಗೆ ಅಷ್ಟರಲ್ಲೇ ಮುಗಿಯಲಿಲ್ಲ. ದೋಣಿ ಮುಳುಗಿದ ಸುದ್ದಿ ಬಂದ ದಿನ ಅವಳು ದಕ್ಕೆಯ ಮೇಲೆ ಎದೆ ಬಡಿದುಕೊಂಡು, ಎಲ್ಲ ನನ್ನ ಬಾಯಿಂದಲೇ ಆದದ್ದು, ಆ ಬೆಳಿಗ್ಗೆ ನಾನು ಆ ಶಬ್ದ ಅಂದೆ ಎಂದು ತಾನೇ ಕೂಗಿಕೊಂಡಳಂತೆ. ಪಾಪ, ಯಾರಾದರೂ ‘ಇಲ್ಲಮ್ಮ, ಹಾಗೇನಿಲ್ಲ’ ಎನ್ನಲಿ ಅಂತಲೇ ಕೂಗಿದ್ದಿರಬೇಕು. ಯಾರೂ ಅನ್ನಲಿಲ್ಲ. ಉಳಿದ ವಿಧವೆಯರು ಅವಳನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಅವಳೂ ಅವಳ ಮಗುವೂ ಇಬ್ಬರೇ. ಹಾಗೇ ಮುದುಕಿಯಾದಳು.

ಮೇಷ್ಟ್ರ ಮನೆಯವರು ಶಾಲೆಯಲ್ಲಿ ಆ ಕಾಗದ ಓದಿದಾಗ ನೆಲ್ ಇನ್ನೂ ಬದುಕಿದ್ದಳು. ಆಗಿನ್ನೂ ಶಾಲೆಯ ಹುಡುಗಿಯಾಗಿದ್ದ ಎಲ್ಸಿ ಸಭೆಯಿಂದ ಓಡಿ ಹೋಗಿ ಅಜ್ಜಿಗೆ ಹೇಳಿದಳು. ಅಜ್ಜಿ ಹೆಣೆಯುತ್ತಿದ್ದ ಕಾಲುಚೀಲದಿಂದ ತಲೆ ಎತ್ತಲಿಲ್ಲ. ‘ಅದು ನಂದಲ್ಲ. ಇನ್ನೊಬ್ಬರ ವಸ್ತುವಿಗೆ ಆಸೆ ಪಡಬೇಡ’ ಅಂದಳಂತೆ. ಸಾಯುವಾಗಲೂ ಅದೇ ಮಾತು.

ಇಷ್ಟೂ ಕಥೆಯನ್ನು ನಾನು ಎಲ್ಸಿಯ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಕಟ್ಟುಗಳನ್ನು ಒಯ್ಯುವ ಲಾರಿ ಬರುವ ವಾರದ ಮೊದಲಲ್ಲೂ ಬಂದಳು. ಬೆನ್ನು ಬಾಗಿದೆ, ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಸವೆದಿಲ್ಲ.

“ಏನೇ ರೋಡಾ, ಕಟ್ಟಿಬಿಟ್ಯಾ?”

“ಇನ್ನೂ ಇಲ್ಲ ಎಲ್ಸಕ್ಕ. ಕೂತ್ಕೊ. ಆ ಕುರ್ಚಿ ಬೇಡ, ಕಾಲು ಮುರಿದಿದೆ.”

“ನಂದೂ ಮುರಿದಿದೆ, ಜೋಡಿ ಸರಿಹೋಗುತ್ತೆ.” ಅದರಲ್ಲೇ ಕೂತಳು. ಚೀಲದಿಂದ ಕಾಗದದಲ್ಲಿ ಸುತ್ತಿದ ಎರಡು ಬಟರಿ ತೆಗೆದಳು. ನಮ್ಮ ಕಡೆಯ ಈ ಉಪ್ಪುಪ್ಪಿನ ಚಪ್ಪಟೆ ರೊಟ್ಟಿಯನ್ನು ಅವಳು ನನಗೆ ಲಂಚವಾಗಿ ತರುತ್ತಾಳೆ. “ಚೀಟಿ ಬದಲಾಯ್ಸು.”

“ನನ್ನ ಕೈಲಿಲ್ಲ ಅಂತ ಎಷ್ಟು ಸಲ ಹೇಳ್ಲಿ? ಕಾಗದ ಕೊಟ್ಟಿದ್ದು ಅವರ ಮನೆ. ಬರೆದೋರು ಯಾರು ಅಂತ ಅವರ ವಾರಸುದಾರ ಅಲಿಕ್ ಮೇಷ್ಟ್ರು ಸಹಿ ಹಾಕ್ಬೇಕು. ಅವರು ಸಹಿ ಹಾಕಿದ್ರೆ ಆಯ್ತು, ಅಬರ್ಡೀನಿನ ಕಂಪ್ಯೂಟರಿಗೆ ಅದೇ ಹೆಸರು ಹೋಗುತ್ತೆ.”

“ಹೋದ ಮೇಲೆ?”

“ಹೋದ ಮೇಲೆ ಮುಗೀತು. ಅಲ್ಲಿ ಹೋಗಿ ನಿನ್ನ ಬಟರಿ ಕೊಟ್ಟು ಕೇಳೋಕಾಗುತ್ತಾ?”

ಅವಳು ಗಾಜಿನ ಪೆಟ್ಟಿಗೆಯ ಕಡೆ ನೋಡಿದಳು. ಅಕ್ಷರ ಕಾಣುವುದಿಲ್ಲ ಅವಳಿಗೆ, ಆದರೂ ನೋಡಿದಳು.

“ಯೋಚನೆ ಮಾಡು ರೋಡಾ. ಕಾಗೆ ಅಂತ ಊರೆಲ್ಲ ಕರೀತಿತ್ತು. ಕರೀಲಿ. ಆದ್ರೆ ಯಾವ ಗಂಡ ತನ್ನ ಹೆಂಡ್ತಿಗೆ ಕಾಗದ ಬರೆಯೋವಾಗ ಮೇಲೆ ‘ಶ್ರೀಮತಿ ಕಾಗೆ’ ಅಂತ ಬರೀತಾನೆ? ಅದಕ್ಕೇ ಬಿಟ್ಟಿದ್ದಾನೆ. ಪ್ರೀತಿಗೆ ಬಿಟ್ಟಿದ್ದಾನೆ. ಅದೇ ತಪ್ಪಾಯ್ತು.”

“ಅದು ಸಾಕ್ಷಿಯಲ್ಲ ಎಲ್ಸಕ್ಕ.”

“ನಿಂಗೇನನ್ಸುತ್ತೆ?”

“ನಂಗೆ ಮಂಡಿ ನೋವು ಅನ್ಸುತ್ತೆ.”

“ಕೇಳಿದ್ದಕ್ಕೆ ಹೇಳೇ.”

“ನಿಮ್ಮಜ್ಜಂದೇ ಅನ್ಸುತ್ತೆ,” ಅಂದೆ. ನಿಜ ಅದೇ. ಆ ಕಾಗದ ಮೊದಲ ಸಲ ಓದಿದ ದಿನವೇ ನನಗೆ ಹಾಗನ್ನಿಸಿತ್ತು. ಆದರೆ ಆ ಶಬ್ದ ಆಡಿ ಬೈಸಿಕೊಂಡ ಒಳನಾಡಿನವಳ ಅನಿಸಿಕೆಯನ್ನು ಯಾರು ಫಾರಂ ಮೇಲೆ ಬರೆಯುತ್ತಾರೆ? ಪ್ರೊಫೆಸರು ತಮ್ಮ ವಾದವನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು: ಇಬ್ಬರ ಕೈಯ ಬೇರೆ ಬರಹ ಒಂದೂ ಉಳಿದಿಲ್ಲ, ಆದರೆ ಒಬ್ಬನನ್ನು ಊರು ‘ಮೇಷ್ಟ್ರು’ ಎಂದು ಕರೆಯುತ್ತಿದ್ದ ಮೇಲೆ ಅಕ್ಷರ ಬಲ್ಲವನು ಅವನೇ ಎಂಬುದು ಸ್ಪಷ್ಟ.

“ನಾನು ಹೋಗೋ ಮುಂಚೆ ಆಗ್ಲಿ ಅಂತ ಅಷ್ಟೇ,” ಎಂದಳು ಎಲ್ಸಿ. “ನನ್ನ ಹಿಂದೆ ಯಾರೂ ಇಲ್ಲ. ನಾನು ಹೋದ್ರೆ ಅಜ್ಜಿ ಅಂದ್ರೆ ಊರಿಗೆ ದೋಣಿ ಮುಳುಗಿಸಿದೋಳು ಅಷ್ಟೇ. ಇನ್ನೇನೂ ಇರಲ್ಲ.” ಇಷ್ಟು ಹೇಳಿ, ನನಗೆ ತಂದ ಬಟರಿಯನ್ನು ತಾನೇ ತಿಂದಳು.

ಮಾರನೆಯ ದಿನ ಫಾರಂ ಹಿಡಿದು ದಿಬ್ಬದ ಮೇಲಿನ ಅಲಿಕ್ ಮೇಷ್ಟ್ರ ಮನೆಗೆ ಹೋದೆ. ಸಮುದ್ರದಿಂದ ಮಂಜು ಎದ್ದು ಅರ್ಧ ದಿಬ್ಬ ಮುಚ್ಚಿತ್ತು. ಪ್ರತಿ ಬೇಲಿಗಂಬಕ್ಕೂ ನಿಂತು ಉಸಿರು ತೆಗೆದುಕೊಂಡೆ. ಇನ್ನೊಬ್ಬರ ಅಜ್ಜಂದಿರಿಗಾಗಿ ನನ್ನ ಮಂಡಿ ಸವೆಯಬೇಕೇ ಎಂದು ಇಡೀ ದಾರಿ ಬೈದುಕೊಂಡೆ.

ಅಲಿಕ್ ಫ್ಲೆಟ್ ಆ ಹೆಡ್‌ಮೇಷ್ಟ್ರ ಮಗ, ಅಪ್ಪನ ಹಾಗೆಯೇ ಶಾಲೆಯ ಮೇಷ್ಟ್ರಾಗಿದ್ದವರು. ನನ್ನ ಮಕ್ಕಳಿಬ್ಬರಿಗೂ ಕಲಿಸಿದವರು. ಎಲ್ಸಿಗೂ ಅವರಿಗೂ ಒಂದೇ ವಯಸ್ಸು, ಒಂದೇ ತರಗತಿಯಲ್ಲಿ ಕೂತವರು. ಆ ಬಹುಮಾನದ ದಿನದಿಂದ ಈಚೆಗೆ ಇಬ್ಬರೂ ಮಾತಾಡಿದ್ದನ್ನು ಊರು ಕಂಡಿಲ್ಲ. ಹೆಂಡತಿ ತೀರಿಹೋದ ಮೇಲೆ ಮೇಷ್ಟ್ರು ಒಬ್ಬರೇ. ಪುಪ್ಪಸದ ಕಾಯಿಲೆ, ಬಾಗಿಲು ತೆಗೆಯಲು ಬರುವಷ್ಟರಲ್ಲೇ ಏದುಸಿರು.

ಫಾರಂ ತೆಗೆದುಕೊಂಡು ಕನ್ನಡಕ ಏರಿಸಿ ಓದಿದರು. ಓದುತ್ತಾ ಕೆಂಪು ಪೆನ್ನಿಗಾಗಿ ತಡಕಾಡಿದರು.

“ಎರಡು ಕಡೆ ತಪ್ಪಿದೆ, ರೋಡಾ.”

“ಸರ್ಕಾರದ ಫಾರಂ ಮೇಷ್ಟ್ರೇ. ತಿದ್ದೋದು ಬೇಡ, ಸಹಿ ಹಾಕಿ ಸಾಕು.”

“ತಪ್ಪು ಅಂದ್ರೆ ತಪ್ಪು. ಸರ್ಕಾರದ್ದಾದ್ರೇನು.” ತಿದ್ದಿಯೇ ಬಿಟ್ಟರು. ಆಮೇಲೆ ‘ಬರೆದವರು’ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನಾನು ಅಲ್ಲಿ ಏನೂ ಬರೆಯದೆ ಖಾಲಿ ಬಿಟ್ಟಿದ್ದೆ. “ಇದನ್ಯಾಕೆ ತುಂಬಿಲ್ಲ?”

“ನೀವೇ ತುಂಬ್ಲಿ ಅಂತ.”

“ಎಲ್ಸಿ ಕಳಿಸಿದ್ಲಾ?”

“ಯಾರೂ ಕಳಿಸಿಲ್ಲ. ನನ್ನ ಗ್ರಹಚಾರ ಕಳಿಸ್ತು.”

ಅವರು ಕೆಮ್ಮಿದರು. ಗೋಡೆಯ ಮೇಲೆ ಅವರಪ್ಪನ ಫೋಟೋ, ಅವರಪ್ಪನ ಪದವಿ, ಅವರ ಪದವಿ, ಅವರ ಮಗಳ ಪದವಿ, ಎಲ್ಲ ಒಂದೇ ಅಳತೆಯ ಚೌಕಟ್ಟಿನಲ್ಲಿ. ಎಲ್ಲಕ್ಕಿಂತ ಮೇಲೆ ಆ ಕಾಗದದ ಒಂದು ಫೋಟೋ.

“ನಮ್ಮಪ್ಪ ಆ ಕಾಗದ ಓದಿದ ದಿನ ಏನ್ ಹೇಳಿದ್ರು ಗೊತ್ತಾ? ದೋಣಿಯವರ ಮನೇಲೂ ವಿದ್ಯೆ ಇತ್ತು, ನಾವು ಅಲ್ಲಿಂದ ಬಂದೋರು ಅಂದ್ರು. ಅದನ್ನು ಕೇಳಿ ಎಷ್ಟು ಹುಡುಗ್ರು ಓದಿದ್ರು. ನಿನ್ನ ಮಗನೂ ಸೇರಿ.”

“ಓದಿದ್ರು, ಸಂತೋಷ. ಅದಕ್ಕೂ ನೆಲ್‌ಗೂ ಏನು ಸಂಬಂಧ?”

“ಹೋಗಮ್ಮ. ಇಟ್ಟು ಹೋಗು. ಆಮೇಲೆ ನೋಡ್ತೀನಿ.”

“ಆಮೇಲೆ ಅನ್ನೋದು ನಮ್ಮ ಮೂವರಲ್ಲಿ ಯಾರ ಹತ್ರ ಇದೆ ಮೇಷ್ಟ್ರೇ? ಶುಕ್ರವಾರ ಲಾರಿ. ಇದು ನಿಮ್ಮಜ್ಜಂದೇ ಅಂತ ನಿಮಗೆ ಖಾತ್ರಿ ಇದ್ರೆ ಇಲ್ಲೇ, ಈಗಲೇ ಬರೀರಿ. ನಾನು ಇನ್ನೊಂದ್ಸಲ ಈ ದಿಬ್ಬ ಹತ್ತಲ್ಲ.”

ಅವರು ಬರೆಯಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತರು, ಹೊರಗೆ ಮಂಜು ಬಿಟ್ಟು ಬೇರೇನೂ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಬಾಗಿಲು ಬಡಿದುಕೊಂಡೇ ಇಳಿದೆ. ಅರ್ಧ ದಾರಿಯಲ್ಲಿ, ಅವರ ಕೆಮ್ಮು ನೆನಪಾಗಿ ಬಾಗಿಲು ಮೆಲ್ಲಗೆ ಹಾಕಬೇಕಿತ್ತು ಅನ್ನಿಸಿತು. ಯಾರ ಮೇಲಾದರೂ ಸಿಟ್ಟನ್ನು ಪೂರ್ತಿ ಹೊತ್ತು ಇಟ್ಟುಕೊಳ್ಳುವ ಶಕ್ತಿಯೂ ಈಗ ನನ್ನಲ್ಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಸಿ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಒಳ್ಳೆಯ ಸ್ಕಾರ್ಫು, ಯಾರದೋ ಸಾವಿಗೆ ಬಂದವಳ ಹಾಗೆ. ಗಾಜಿನ ಪೆಟ್ಟಿಗೆ ತೆರೆದು ಕಾಗದವನ್ನು ಹೊರಗೆ ತೆಗೆದೆ. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ ಅದರ ಮೇಲಿಟ್ಟೆ. ಮೇಷ್ಟ್ರು ಬರದಿದ್ದರೆ ಹಳೆಯ ಚೀಟಿಯಲ್ಲಿದ್ದದ್ದನ್ನೇ ತುಂಬಿ ಕಳಿಸಬೇಕು, ಸಹಿ ಆಮೇಲೆ ಟಪಾಲಿನಲ್ಲಿ ಬಂದರೂ ನಡೆಯುತ್ತದೆ ಎಂದು ಅಬರ್ಡೀನಿನವರು ತಿಳಿಸಿದ್ದರು. ಅದನ್ನು ಎಲ್ಸಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಟೀಗೆ ನೀರಿಡುತ್ತಿದ್ದಾಗ ಹೊರಗೆ ಕೆಮ್ಮು ಕೇಳಿಸಿತು.

ಅಲಿಕ್ ಮೇಷ್ಟ್ರು ಕೋಲೂರಿ ಒಳಗೆ ಬಂದರು. ಇಡೀ ದಿಬ್ಬ ಇಳಿದು ಬಂದಿದ್ದರು, ತುಟಿ ನೀಲಿಗಟ್ಟಿತ್ತು. ಎಲ್ಸಿಯನ್ನು ನೋಡಿ ಬಾಗಿಲಲ್ಲೇ ನಿಂತರು. ಅವಳಿಗೆ ಮುಖ ಕಾಣಿಸದಿದ್ದರೂ ಕೆಮ್ಮಿನಿಂದ ಗೊತ್ತಾಗಿತ್ತು.

“ನಾನು ಹೊರಗಿರ್ಲಾ?” ಎಂದು ನನ್ನನ್ನು ಕೇಳಿದಳು.

“ಬೇಡ,” ಅಂದರು ಮೇಷ್ಟ್ರು. “ನೀವು ಇರಿ.”

ಒಂದೇ ಬೆಂಚಿನಲ್ಲಿ ಕೂತು ಮಗ್ಗಿ ಕಲಿತವರು ‘ನೀವು’ ಎಂದು ಮಾತಾಡುವುದನ್ನು ಕೇಳಿ ನನಗೆ ಸಂಕಟವಾಯಿತು. ಮೇಷ್ಟ್ರು ಕುಸಿದು ಕೂತು ಮಡಿಸಿಟ್ಟ ಫಾರಂ ತೆಗೆದರು. ಕಿಸೆಯಿಂದ ಪೆನ್ನು ತೆಗೆದರು.

“ಇಲ್ಲಿ ಪೆನ್ಸಿಲ್ ಮಾತ್ರ ಮೇಷ್ಟ್ರೇ,” ಅಂದುಬಿಟ್ಟೆ. ಅಭ್ಯಾಸದ ಬಾಯಿ. ಹಳೆಯ ಕಾಗದಗಳಿರುವ ಮೇಜಿನ ಮೇಲೆ ಶಾಯಿ ತರಬಾರದು. ಕಡೆಯ ದಿನವೂ ಅದೇ ಮಾತು.

ಅವರು ಒಪ್ಪಿಕೊಂಡು ಪೆನ್ನು ಒಳಗಿಟ್ಟರು. ಮೇಜಿನ ಡಬ್ಬಿಯಿಂದ ಒಂದು ಮೋಟು ಪೆನ್ಸಿಲ್ ತೆಗೆದುಕೊಂಡರು. ಫಾರಂ ಬಿಡಿಸಿ, ಸಹಿಯ ಜಾಗದಲ್ಲಿ ಬಹಳ ನಿಧಾನವಾಗಿ ಒಂದು ಗೆರೆ ಎಳೆದರು. ಅದಕ್ಕೆ ಅಡ್ಡವಾಗಿ ಇನ್ನೊಂದು ಗೆರೆ. ಫಾರಮನ್ನು ನನ್ನ ಕಡೆ ತಳ್ಳಿದರು.

ನಾನು ನೋಡಿದೆ. ಬರೀ ಒಂದು ಅಡ್ಡಗೆರೆ ಗುರುತು.

“ಏನಿದು ಮೇಷ್ಟ್ರೇ? ಮೈ ಸರಿಯಿಲ್ವಾ? ನೀರು ಕೊಡ್ಲಾ?”

“ನಮ್ಮಜ್ಜನ ಸಹಿ,” ಅಂದರು.

ಎಲ್ಸಿ ತಲೆ ಎತ್ತಿದಳು.

“ನಮ್ಮಜ್ಜನಿಗೆ ಒಂದಕ್ಷರ ಬರ್ತಿರಲಿಲ್ಲ. ಬಂದರಿನ ಆಫೀಸಿನಲ್ಲಿ ಒಂದ್ಸಲ ಪೆನ್ನು ತಲೆಕೆಳಗೆ ಹಿಡಿದನಂತೆ. ಆವತ್ತಿಂದ ಮೇಷ್ಟ್ರೇ, ಮೇಷ್ಟ್ರೇ ಅಂತ ಗೇಲಿ ಮಾಡಿದ್ರು. ಗೇಲಿ ಮಾಡಿದೋರೆಲ್ಲ ಸತ್ತರು. ಹೆಸರು ಉಳೀತು. ಆಮೇಲೆ ನಮ್ಮಪ್ಪ ನಿಜವಾಗ್ಲೂ ಮೇಷ್ಟ್ರಾದ್ರು, ಯಾರು ತಿರುಗಿ ನೋಡ್ತಾರೆ? ಮದುವೆ ದಾಖಲೇಲೂ ಹೀಗೇ ಗುರುತಿದೆ. ಅದನ್ನು ಯಾರೂ ತೆಗೆದು ನೋಡಲಿಲ್ಲ. ಮೇಷ್ಟ್ರು ಅಂತ ಕರೆಸಿಕೊಂಡೋನಿಗೆ ಸಹಿ ಬರುತ್ತಾ ಅಂತ ಯಾವ ಪ್ರೊಫೆಸರು ಹುಡುಕ್ತಾನೆ?”

ನಾನೂ ಹುಡುಕಿರಲಿಲ್ಲ. ಆ ಕಾಗದವನ್ನು ಇಷ್ಟು ವರ್ಷ ಕಾಯ್ದಿದ್ದೆ, ಆ ಒಂದು ಯೋಚನೆ ನನ್ನ ತಲೆಗೂ ಹೊಳೆದಿರಲಿಲ್ಲ.

“ಅಜ್ಜಿಗೆ ಓದೋಕೆ ಬರ್ತಿತ್ತು,” ಮೇಷ್ಟ್ರು ಮುಂದುವರಿಸಿದರು. ಅವರ ಕಣ್ಣು ಎಲ್ಸಿಯ ಮೇಲಿರಲಿಲ್ಲ, ಕಾಗದದ ಮೇಲಿತ್ತು. “ಮೊದಲನೇ ಸಾಲಲ್ಲೇ ಗೊತ್ತಾಯ್ತಂತೆ, ತನ್ನದಲ್ಲ ಅಂತ. ನಾಳೆ ಕೊಡ್ತೀನಿ ಅಂದ್ಕೊಂಡ್ಳಂತೆ. ಆದ್ರೆ ಆ ನೆಲ್ ಬಾಯಿಂದ ನನ್ನ ಗಂಡ ಹೋದ, ಅವಳಿಗೆ ಯಾಕೆ ಈ ಸಮಾಧಾನ ಅಂತ ಹೊಟ್ಟೆ ಉರೀತಂತೆ. ಆಮೇಲೆ ಅದನ್ನೇ ಓದಿ ಓದಿ ಅವಳಿಗೂ ಬಿಡೋಕಾಗಲಿಲ್ಲ. ಅಂಥ ಮಾತು ಅವಳಿಗೆ ಯಾರೂ ಆಡಿರಲಿಲ್ಲ. ಸಾಯೋವಾಗ ನನ್ನ ಕರೆದು ಹೇಳಿದ್ಲು, ಪೆಟಾರೀಲಿ ಒಂದು ಕಾಗದ ಇದೆ, ಕಾಗೆ ಮನೆಗೆ ಕೊಟ್ಟು ಬಾ ಅಂತ. ನಾನು ಕೊಡೋಕೆ ಹೋಗೋದ್ರೊಳಗೆ ನಮ್ಮಪ್ಪನ ಕೈಗೆ ಸಿಕ್ತು. ಅವರು ಅಳ್ತಾ ಓದ್ತಿದ್ರು. ತಮ್ಮಪ್ಪ ಬರೆದದ್ದು ಅಂತ. ನಾನು ಬಾಯಿ ಬಿಡಲಿಲ್ಲ.”

ಕೆಟಲು ಕುದಿದು ತಾನೇ ಆಫ್ ಆಯಿತು.

“ಆಗ ಅಜ್ಜಿ ಬದುಕಿದ್ದಳು, ಅಲಿಕ್,” ಎಂದಳು ಎಲ್ಸಿ.

“ಗೊತ್ತು.”

“ದಿನಾ ಅವಳ ಮುಂದೆ ಹೋಗ್ತಿದ್ದೆ ನೀನು. ಶಾಲೆಗೆ. ಸೈಕಲ್ ಮೇಲೆ.”

“ಗೊತ್ತು ಎಲ್ಸಿ.”

“ಟೋಪಿ ತೆಗೀತಿದ್ದೆ.”

ನನಗೂ ಮೇಷ್ಟ್ರ ಮೇಲೆ ಕೂಗಾಡಬೇಕು ಅನ್ನಿಸಿತು. ಅದೇ ಹೊತ್ತಿಗೆ ಆ ನೀಲಿ ತುಟಿ ನೋಡಿ ಅಯ್ಯೋ ಅನ್ನಿಸಿತು. ನೆಲ್‌ಗೆ ಬೇಕಾಗಿದ್ದದ್ದು ಇಷ್ಟೇ ಇಷ್ಟು, ಎರಡು ಬೀದಿಯಾಚೆ ಒಂದು ಪೆಟಾರಿಯಲ್ಲಿ ಇತ್ತು, ಅವಳಿಗೆ ಸಿಗದೇ ಹೋಯಿತು. ಇದನ್ನು ಯಾವ ಚೀಟಿ ಬದಲಾಯಿಸಿಯೂ ಸರಿಮಾಡಲಾಗುವುದಿಲ್ಲ. ಮೂವರಿಗೂ ಅದು ಗೊತ್ತಿತ್ತು.

“ಕ್ಷಮಿಸು ಅಂತ ಕೇಳೋಕೆ ಬರಲಿಲ್ಲ,” ಮೇಷ್ಟ್ರು ಹೇಳಿದರು. “ಕೇಳೋ ಮುಖ ಇಲ್ಲ. ಸುಸ್ತಾಗಿದೆ ಎಲ್ಸಿ, ಹೊತ್ತು ಹೊತ್ತು.”

“ನಿಂಗೆ ಸುಸ್ತಾಗಿದ್ಯಾ? ಪಾಪ.” ಸ್ಕಾರ್ಫಿನ ಗಂಟು ಬಿಗಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. “ಬರಿಯೇ ರೋಡಾ.”

ನಾನು ಪೆನ್ಸಿಲ್ ತೆಗೆದುಕೊಂಡು, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾ ಬರೆದೆ: ‘ಬರೆದವರು, ವಿಲಿಯಂ ಫ್ಲೆಟ್, ಕಾಗೆ. ಯಾರಿಗೆ, ಹೆಂಡತಿ ನೆಲ್‌ಗೆ.’ ಅಡ್ಡಗೆರೆಯ ಕೆಳಗೆ ಮೇಷ್ಟ್ರು ತಮ್ಮ ನಿಜವಾದ ಸಹಿಯನ್ನೂ ಹಾಕಿಕೊಟ್ಟರು. ಗುಂಡಗಿನ ಅಕ್ಷರ, ಶಾಲೆಯ ಹಲಗೆಯ ಮೇಲೆ ಬರೆದಷ್ಟು ಚೆಂದ.

“ಈಗ ಓದು,” ಎಂದಳು ಎಲ್ಸಿ.

“ಯಾರು, ನಾನಾ?” ಎಂದೆ.

“ನೀನಲ್ಲ. ಅವನು. ಅವರಪ್ಪ ಓದಿದ್ದನ್ನ ಕೇಳಿದೀನಿ, ಇನ್ನು ಇವನು ಓದ್ಲಿ. ಯಾರು ಯಾರಿಗೆ ಬರೆದಿದ್ದು ಅಂತ ಮೊದಲು ಹೇಳಿ ಓದು, ಅಲಿಕ್.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ‘ಕಾಗೆ ವಿಲಿಯಂ ತನ್ನ ಹೆಂಡತಿ ನೆಲ್‌ಗೆ ಬರೆದದ್ದು’ ಎಂದು ಶುರು ಮಾಡಿದರು. ಉಸಿರು ಸಾಲದೆ ಸಾಲು ಸಾಲಿಗೂ ನಿಂತರು. ನನ್ನವಳೇ ಎಂದಲ್ಲಿ ಕೆಮ್ಮಿದರು. ಸೊಟ್ಟ ಸಾಲಿಗೆ ದೋಣಿಯನ್ನು ಬಯ್ಯಿ ಎಂಬಲ್ಲಿ ಎಲ್ಸಿ ಸಣ್ಣಗೆ ನಕ್ಕಳು, ಅಲ್ಲಿ ನಗಬೇಕೆಂದು ಇಷ್ಟು ವರ್ಷ ನನಗೇ ತೋಚಿರಲಿಲ್ಲ. ‘ಬಾಯಿ ನಿನ್ನದು, ಕಿವಿ ನನ್ನದು, ನಡುವೆ ಸಮುದ್ರಕ್ಕೇನು ಕೆಲಸ?’ ಎಂದು ಓದಿ ಮುಗಿಸುವಾಗ ಮೇಷ್ಟ್ರ ದನಿ ಪೂರ್ತಿ ಇಂಗಿಹೋಗಿತ್ತು.

ಎಲ್ಸಿ ಅತ್ತಳು. ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ. ಕೋಟಿನ ತೋಳಿನಿಂದ ಒರೆಸಿಕೊಂಡು ನೆಟ್ಟಗೆ ಕೂತಳು.

“ಹಂದಿ,” ಎಂದಳು.

ಎಂಬತ್ತು ದಾಟಿದ ಆ ಬಾಯಿಂದ ಆ ಶಬ್ದ ಬಂದದ್ದು ಅದೇ ಮೊದಲು. ಅವಳ ಮನೆಯಲ್ಲಿ ಅದನ್ನು ಯಾರೂ ಎತ್ತುತ್ತಿರಲಿಲ್ಲ, ಬೇರೆಯವರು ಅಂದರೂ ಅವಳು ಎದ್ದು ಹೋಗುತ್ತಿದ್ದಳು. ಮೇಷ್ಟ್ರ ಕೈ ತಾನಾಗಿಯೇ ಪಕ್ಕದ ರೇಡಿಯೇಟರಿನ ಕಬ್ಬಿಣದ ಕಡೆ ಹೊರಟಿತು. ಎಲ್ಸಿ ತಡಕಾಡಿ, ಮುಟ್ಟುವ ಮೊದಲೇ ಆ ಕೈಯನ್ನು ಹಿಡಿದುಕೊಂಡಳು.

“ಮುಟ್ಟಬೇಡ,” ಎಂದಳು.

ಅವರು ಮುಟ್ಟಲಿಲ್ಲ. ಹೊರಗೆ ಲಾರಿ ಹಿಂದೆ ಸರಿಯುವ ಸದ್ದು ಕೇಳಿಸಿತು. ಇಬ್ಬರೂ ಹಾಗೇ ಕೂತಿದ್ದರು. ಲಾರಿಯವರು ಸ್ವಲ್ಪ ಕಾಯಲಿ ಎಂದುಕೊಂಡು ನಾನು ಹೋಗಿ ಮೂರು ಕಪ್ ಟೀ ಮಾಡಿದೆ.